ಒಂದೇ ಮನೆಯ ಎರಡು ಮರೆವು

ಪ್ರಶ್ನೆ: ನನಗೆ 69 ವರ್ಷ, ಸಾಗರ ತಾಲ್ಲೂಕಿನ ಹಳ್ಳಿಯವಳು. ಪ್ರಾಥಮಿಕ ಶಾಲೆಯಲ್ಲಿ 34 ವರ್ಷ ಪಾಠ ಮಾಡಿ ನಿವೃತ್ತಳಾದೆ. ಒಂದು ವರ್ಷದಿಂದ ಮರೆವು ಹೆಚ್ಚಾಗಿದೆ. ಪೇಟೆಯಲ್ಲಿ ಹಳೇ ವಿದ್ಯಾರ್ಥಿ ಸಿಕ್ಕಿ ಕಾಲಿಗೆ ನಮಸ್ಕಾರ ಮಾಡಿದರೆ ಮುಖ ಗೊತ್ತಾಗುತ್ತದೆ, ಯಾವ ಬೆಂಚಿನಲ್ಲಿ ಕೂರುತ್ತಿದ್ದ ಎನ್ನುವುದೂ ನೆನಪಾಗುತ್ತದೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಮನೆಗೆ ಬಂದು ಕೈಕಾಲು ತೊಳೆಯುವಾಗ ತಟ್ಟನೆ ಹೊಳೆಯುತ್ತದೆ. ಅಡುಗೆಮನೆಗೆ ಹೋಗಿ ಯಾಕೆ ಬಂದೆ ಎಂದು ನಿಂತುಬಿಡುತ್ತೇನೆ. ಕನ್ನಡಕವನ್ನು ದಿನಕ್ಕೆ ಮೂರು ಸಲ ಹುಡುಕುತ್ತೇನೆ. ಕಳೆದ ತಿಂಗಳು ಹಾಲು ಒಲೆಯ ಮೇಲಿಟ್ಟು ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತ ಕೂತೆ, ಸೀದ ವಾಸನೆ ಬಂದಮೇಲೆ ಓಡಿದೆ. ನನ್ನ ಅಮ್ಮನಿಗೂ 80 ದಾಟಿದ ಮೇಲೆ ಮರೆವು ಬಂದು ಕೊನೆಗೆ ನನ್ನನ್ನೇ ಗುರುತಿಸುತ್ತಿರಲಿಲ್ಲ. ನನಗೂ ಅದೇ ಶುರುವಾಯಿತೇ? ಒಂದೆಲಗದ ತಂಬುಳಿ ಮಾಡುತ್ತಲೇ ಇರುತ್ತೇನೆ, ಬ್ರಾಹ್ಮಿ ಮಾತ್ರೆಯನ್ನೂ ಶುರು ಮಾಡಲೇ? ಯಜಮಾನರಿಗೆ 74, ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಾರೆ, ನಿದ್ದೆಗೊಂದು ಚಿಕ್ಕ ಮಾತ್ರೆ ಬಿಟ್ಟರೆ ಬೇರೆ ತೊಂದರೆ ಇಲ್ಲ. ಅವರ ಹತ್ತಿರ ಹೇಳಿಕೊಂಡರೆ 'ನಿನಗೆ ಅರಳು ಮರುಳು, ನನಗೆ ಹಳೆಯದೆಲ್ಲ ನೆನಪಿದೆ ನೋಡು' ಎನ್ನುತ್ತಾರೆ. ಹಳೆಯದು ನಿಜವಾಗಿಯೂ ಚೆನ್ನಾಗಿ ನೆನಪಿದೆ. ಈ ಸಲ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಮಾತ್ರ ಸುಣ್ಣ ಎಷ್ಟು ಎಂದು ಕೆಲಸದವನನ್ನು ಕೇಳಿದರಂತೆ. ಮರ ಹತ್ತಿ ಔಷಧಿ ಹೊಡೆದ ಕೊನೆಗೌಡನಿಗೆ ಕೂಲಿ ಎರಡು ಸಲ ಕೊಟ್ಟರು, ವಯಸ್ಸಾಯಿತಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಓದಿಗೆ ಕಂಡದ್ದು ನಿಮ್ಮ ಆತಂಕ. ಎರಡನೇ ಓದಿಗೆ ಕಣ್ಣು ನಿಂತದ್ದು ಕೊನೆಯ ಎರಡು ಸಾಲಿನ ಮೇಲೆ, ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ ಹಾಗೆ ನೀವು ಬರೆದ ಬೋರ್ಡೋ ಮತ್ತು ಕೂಲಿಯ ವಿಷಯದ ಮೇಲೆ. ಸುತ್ತಿ ಬಳಸಿ ಹೇಳುವುದಿಲ್ಲ. ನಿಮ್ಮ ಮರೆವು ವಯಸ್ಸಿಗೆ ಸಹಜವಾದದ್ದರಂತೆ ಕಾಣುತ್ತದೆ. ಯಜಮಾನರದ್ದು ಹಾಗೆ ಕಾಣುವುದಿಲ್ಲ. ಅವರನ್ನು ಈ ತಿಂಗಳೊಳಗೆ ವೈದ್ಯರಿಗೆ ತೋರಿಸಬೇಕು. ಪತ್ರ ಓದಿ ಕಾಯಿಲೆಯ ಹೆಸರು ಹೇಳಲು ಬರುವುದಿಲ್ಲ, ಹೇಳಲೂಬಾರದು. ಆದರೆ ಯಾವ ಮರೆವಿಗೆ ಹೆದರಬೇಕು, ಯಾವುದಕ್ಕೆ ಬೇಡ ಎನ್ನುವುದನ್ನು ನಿಮ್ಮ ಮನೆಯ ಉದಾಹರಣೆಯಲ್ಲೇ ಹೇಳಬಹುದು.

ನಿಮ್ಮದನ್ನೇ ಮೊದಲು ನೋಡೋಣ. ಹುಡುಗನ ಮುಖ ಗೊತ್ತಾಯಿತು, ಕೂರುತ್ತಿದ್ದ ಬೆಂಚು ನೆನಪಾಯಿತು, ಹೆಸರು ಬರಲಿಲ್ಲ, ಮನೆಗೆ ಬಂದಮೇಲೆ ಬಂತು. ಅಂದರೆ ಹೆಸರು ಕಳೆದುಹೋಗಿರಲಿಲ್ಲ. ನಿಮ್ಮ ಮನೆಯ ಅಟ್ಟವನ್ನು ನೆನೆಸಿಕೊಳ್ಳಿ. ಮಕ್ಕಳ ತೊಟ್ಟಿಲು, ಮದುವೆಮನೆಯ ಹಂಡೆ, ಹಳೇ ಟ್ರಂಕು ಎಲ್ಲ ಅಲ್ಲಿದೆ. ಇದೆ ಎಂದು ಗೊತ್ತು, ಹತ್ತಿ ಹುಡುಕಿ ಇಳಿಸುವುದಕ್ಕೆ ಮೊದಲಿಗಿಂತ ಹೊತ್ತು ಹಿಡಿಯುತ್ತದೆ ಅಷ್ಟೇ. ವಯಸ್ಸಾದ ಮೆದುಳಿನಲ್ಲಿ ಆಗುವ ಬದಲಾವಣೆ ಬಹುಪಾಲು ಇದೇ. ಕೆಲಸದ ವೇಗ ಇಳಿಯುತ್ತದೆ, ಒಟ್ಟಿಗೆ ಎರಡು ವಿಷಯ ಹಿಡಿದುಕೊಳ್ಳುವುದು ಕಷ್ಟವಾಗುತ್ತದೆ. ಶಬ್ದಸಂಪತ್ತು, ಲೋಕಜ್ಞಾನ, ಜನರನ್ನು ಅಳೆಯುವ ವಿವೇಕ ಇವು ಬಹಳ ಕಾಲ ಹಾಗೇ ಉಳಿಯುತ್ತವೆ.

ಹೆಸರೇ ಯಾಕೆ ಮೊದಲು ಕೈಕೊಡುತ್ತದೆ ಎನ್ನುವುದಕ್ಕೂ ಕಾರಣವಿದೆ. ಒಬ್ಬ ಬಡಗಿ ಎಂದು ತಿಳಿದರೆ ಉಳಿ, ಕೊಡತಿ, ಮರದ ವಾಸನೆ ಎಲ್ಲ ಜೊತೆಗೇ ಬಂದು ನೆನಪನ್ನು ಎಳೆದು ತರುತ್ತವೆ. ಅವನ ಹೆಸರು ಮಂಜುನಾಥ ಎನ್ನುವುದಕ್ಕೆ ಹಾಗೆ ಹಿಡಿದೆಳೆಯಲು ಎಳೆಯೇ ಇಲ್ಲ, ಆ ಮುಖಕ್ಕೆ ರಾಘವೇಂದ್ರ ಎಂದೂ ಇರಬಹುದಿತ್ತು. ನಿಮಗೆ 34 ವರ್ಷದ ಹಾಜರಿ ಪುಸ್ತಕದ ಹೆಸರುಗಳಿವೆ. ಅದರಲ್ಲಿ ಒಂದು ಹೊಳೆಯಲು ಅರ್ಧ ಗಂಟೆ ಹಿಡಿದರೆ ಅದು ಕಾಯಿಲೆಯಲ್ಲ.

ಅಡುಗೆಮನೆಗೆ ಹೋಗಿ ನಿಲ್ಲುವುದು ನೆನಪಿಗಿಂತ ಗಮನಕ್ಕೆ ಸೇರಿದ್ದು. ಹೊರಟಾಗ ಒಂದು ಯೋಚನೆ, ಹೊಸಿಲು ದಾಟುವಾಗ ಇನ್ನೊಂದು, ಒಳಗೆ ಕಾಲಿಡುವಾಗ ಮೊದಲಿನದು ಜಾರಿರುತ್ತದೆ. ಹೊರಟ ಜಾಗಕ್ಕೆ ವಾಪಸು ಹೋದರೆ ನೆನಪಾಗುತ್ತದಲ್ಲವೇ? ಹಾಗಾದರೆ ಸರಿ. ಹಾಲಿನ ವಿಷಯವೂ ಹಾಗೇ. ವಾಸನೆ ಬಂದೊಡನೆ 'ಅಯ್ಯೋ, ಹಾಲಿಟ್ಟಿದ್ದೆ' ಎಂದು ಓಡಿದಿರಿ. 'ಈ ಹಾಲು ಇಟ್ಟವರು ಯಾರು?' ಎಂದು ನೀವು ಕೇಳಿದ್ದರೆ ನಾನು ಬೇರೆಯೇ ಉತ್ತರ ಬರೆಯುತ್ತಿದ್ದೆ.

ಅಮ್ಮನ ಕಾಯಿಲೆ ನಿಮ್ಮ ಮನಸ್ಸಿನಲ್ಲಿ ಕೂತಿದೆ ಎಂದು ಗೊತ್ತು. ಹೆತ್ತ ತಾಯಿ ತನ್ನನ್ನೇ ಗುರುತಿಸದೆ ಹೋದದ್ದನ್ನು ನೋಡಿದವರಿಗೆ ಕನ್ನಡಕ ಕಳೆದಾಗಲೂ ಎದೆ ಧಸಕ್ಕೆನ್ನುತ್ತದೆ. ಆದರೆ ಅವರಿಗೆ ಬಂದದ್ದು 80 ದಾಟಿದ ಮೇಲೆ. ಆ ವಯಸ್ಸಿನಲ್ಲಿ ಬರುವ ಮರೆವಿನ ಕಾಯಿಲೆ ತಂದೆತಾಯಿಗೆ ಇದ್ದರೆ ಮಕ್ಕಳಿಗೆ ಸಾಧ್ಯತೆ ಸ್ವಲ್ಪ ಹೆಚ್ಚು, ಖಂಡಿತ ಎಂದಲ್ಲ. ಒಂದೇ ಜೀನಿನಿಂದ ನೇರವಾಗಿ ಇಳಿದುಬರುವ ಬಗೆ ಬೇರೆ. ಕಾಯಿಲೆ ಬಂದ ನೂರು ಜನರಲ್ಲಿ ಒಬ್ಬರಿಗೂ ಅದು ಇರುವುದಿಲ್ಲ, ಇದ್ದರೆ ಬಹುತೇಕ 60ರೊಳಗೇ ತಲೆಯೆತ್ತುತ್ತದೆ. ನೀವು ಆ ಗಡಿಯನ್ನು ದಾಟಿ ಬಂದಿದ್ದೀರಿ.

ಇನ್ನು ಬೋರ್ಡೋ. ನಾನೂ ಅಡಿಕೆ ತೋಟದ ಮನೆಯಲ್ಲಿ ಬೆಳೆದವನು, ಅದಕ್ಕೇ ಆ ಸಾಲು ನನ್ನನ್ನು ಬಿಡಲಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗುಮುರುಗು ಮಾಡಬಾರದು. ಕೊನೆಗೆ ಉಜ್ಜಿದ ಕತ್ತಿಯನ್ನು ಅದ್ದಿ ನೋಡಬೇಕು, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಮಳೆಗಾಲ ಬಂತೆಂದರೆ ಕೊಳೆ ಔಷಧಿಗೆ ಇದನ್ನು ಐವತ್ತು ವರ್ಷ ಮಾಡಿದವರಿಗೆ ಅಳತೆ ತಲೆಯಲ್ಲಿರುವುದಿಲ್ಲ, ಕೈಯಲ್ಲೇ ಇರುತ್ತದೆ. ಅಂಥವರು ಸುಣ್ಣ ಎಷ್ಟು ಎಂದು ಕೇಳಿದರು ಎಂದರೆ ಅದು ಹೆಸರು ಮರೆತ ಹಾಗಲ್ಲ. ಹಂತ ಹಂತವಾಗಿ ಮಾಡುವ ರೂಢಿಯ ಕೆಲಸದ ದಾರಿ ನಡುವೆ ಕಡಿದಿದೆ.

ಪಟ್ಟಣದ ವೈದ್ಯರು ಅವರನ್ನು 'ಇವತ್ತು ತಾರೀಕು ಎಷ್ಟು?' ಎಂದು ಕೇಳಬಹುದು. ತೋಟದ ಕೆಲಸದಲ್ಲಿ ಮುಳುಗಿದವರಿಗೆ ತಾರೀಕು ಗೊತ್ತಿಲ್ಲದಿದ್ದರೆ ಅದು ದೊಡ್ಡ ವಿಷಯವಲ್ಲ. ಬೋರ್ಡೋ ಅಳತೆ ಮರೆತದ್ದು ದೊಡ್ಡ ವಿಷಯ. ಒಬ್ಬರ ನೆನಪನ್ನು ಪಕ್ಕದ ಮನೆಯವರ ನೆನಪಿನ ಜೊತೆ ತೂಗಿ ಪ್ರಯೋಜನವಿಲ್ಲ, ಅವರೇ ಐದು ವರ್ಷದ ಹಿಂದೆ ಹೇಗಿದ್ದರು ಎಂಬುದರ ಜೊತೆ ತೂಗಬೇಕು. ಆ ತಕ್ಕಡಿ ಹಿಡಿಯಲು ನಿಮಗಿಂತ ಯೋಗ್ಯರು ಯಾವ ಆಸ್ಪತ್ರೆಯಲ್ಲೂ ಇಲ್ಲ.

ಕೂಲಿಯ ವಿಷಯ ಇನ್ನೂ ಸ್ಪಷ್ಟ. ಅವರು ಎಷ್ಟು ಕೊಟ್ಟೆ ಎಂಬುದನ್ನು ಮರೆಯಲಿಲ್ಲ, ಕೊಟ್ಟದ್ದನ್ನೇ ಮರೆತರು. ಮತ್ತೆ ಅಟ್ಟಕ್ಕೇ ಬರುತ್ತೇನೆ. ಮೆದುಳಿನ ಒಳಭಾಗದಲ್ಲಿ, ಕಿವಿಯ ಮಟ್ಟದಲ್ಲಿ, ಎಡಕ್ಕೊಂದು ಬಲಕ್ಕೊಂದು ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ಹೊಸ ಸಂಗತಿಗಳನ್ನು ಅಟ್ಟಕ್ಕೆ ಏರಿಸುವ ಏಣಿ ಅದು. ಮರೆವಿನ ಕಾಯಿಲೆಗಳಲ್ಲಿ ಹೆಚ್ಚಾಗಿ ಕಾಣುವ ಆಲ್ಝೈಮರ್ ಸಾಮಾನ್ಯವಾಗಿ ಮೊದಲು ತಿನ್ನುವುದು ಈ ಏಣಿಯನ್ನು. ಏಣಿ ಮುರಿದರೆ ಬೆಳಿಗ್ಗೆ ನಡೆದದ್ದು ಮೇಲೆ ಏರುವುದೇ ಇಲ್ಲ, ನೀವು ಎಷ್ಟು ಸುಳಿವು ಕೊಟ್ಟರೂ ಅವರಿಗೆ ಸಿಗುವುದಿಲ್ಲ. ಹಳೆಯದೋ, ಏಣಿ ಗಟ್ಟಿಯಿದ್ದಾಗಲೇ ಮೇಲೆ ಸೇರಿದ್ದು, ಅದು ಭದ್ರ. 'ಚಿಕ್ಕಂದಿನದೆಲ್ಲ ಹೇಳ್ತಾರೆ, ಅವರಿಗೆಲ್ಲಿಯ ಮರೆವು' ಎಂದು ಸಮಾಧಾನಪಟ್ಟುಕೊಂಡು ಎರಡು ಮೂರು ವರ್ಷ ಕಳೆದ ಎಷ್ಟೋ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಆ ಸಮಾಧಾನವನ್ನು ನಂಬಬೇಡಿ.

ಅವರು 'ನನಗೇನೂ ಆಗಿಲ್ಲ' ಎನ್ನುವುದನ್ನು ಹಟ ಎಂದೂ ತಿಳಿಯಬೇಡಿ. ತನ್ನ ಮರೆವಿನ ಬಗ್ಗೆ ತಾನೇ ಕೊರಗುವವರಿಗಿಂತ, ಮನೆಯವರಿಗೆಲ್ಲ ಕಾಣುತ್ತಿದ್ದರೂ ತನಗೆ ಕಾಣದವರ ಬಗ್ಗೆಯೇ ವೈದ್ಯರಾದ ನಮಗೆ ಹೆಚ್ಚು ಚಿಂತೆ. ಮರೆತದ್ದನ್ನು ನೆನಪಿಟ್ಟುಕೊಳ್ಳುವುದಕ್ಕೂ ನೆನಪೇ ಬೇಕಲ್ಲ! ಕೊಟ್ಟ ಕೂಲಿ ನೆನಪಿಲ್ಲದವರಿಗೆ ಎರಡು ಸಲ ಕೊಟ್ಟೆ ಎಂಬುದು ಹೇಗೆ ತಿಳಿಯಬೇಕು? ಅವರ ಲೆಕ್ಕದಲ್ಲಿ ಅವರು ಒಂದೇ ಸಲ ಕೊಟ್ಟಿದ್ದಾರೆ, ಅವರು ಹೇಳುತ್ತಿರುವುದು ಸತ್ಯವೇ.

ಅರವತ್ತಕ್ಕೆ ಅರಳು ಮರುಳು ಎಂಬ ಗಾದೆಯಿಂದ ಆಗಿರುವ ಹಾನಿ ಸಣ್ಣದಲ್ಲ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ, ಇರುವವರು ಶೇ. 7.4 ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿತು. ಲೆಕ್ಕದಲ್ಲಿ ಸುಮಾರು 88 ಲಕ್ಷ ಜನ. ಅಷ್ಟು ಮನೆಗಳ ಕಷ್ಟ ದೊಡ್ಡದು, ನಿಜ. ಆದರೆ ಅದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ: ನೂರರಲ್ಲಿ 92 ಜನ ಹಿರಿಯರಿಗೆ ಈ ಕಾಯಿಲೆ ಇಲ್ಲ. ಮರುಳು ಎಂಬುದು ವಯಸ್ಸಿನ ಜೊತೆ ಬರಲೇಬೇಕಾದ ಬಾಬತ್ತಲ್ಲ. ಬಂದರೆ ಅದಕ್ಕೆ ಕಾರಣವಿದೆ, ಕಾರಣ ಹುಡುಕಬೇಕು.

ಹುಡುಕಬೇಕು ಎಂದು ಇಷ್ಟು ಒತ್ತಿ ಹೇಳುವುದಕ್ಕೆ ನಿಮ್ಮ ಪತ್ರದಲ್ಲೇ ಕಾರಣವಿದೆ. ಹದಿನೈದು ವರ್ಷದ ಸಕ್ಕರೆ ಕಾಯಿಲೆ ಎಂದಿರಿ. ಅವರ ಮಾತ್ರೆಯ ಪಟ್ಟಿಯಲ್ಲಿ ಮೆಟ್‌ಫಾರ್ಮಿನ್ ಇರುವ ಸಾಧ್ಯತೆ ಬಹಳ. ಒಳ್ಳೆಯ ಔಷಧಿ, ನಿಲ್ಲಿಸಬೇಡಿ. ಆದರೆ ಅದನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವರ ದೇಹ ವಿಟಮಿನ್ ಬಿ12 ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಜೊತೆಗೆ ಗ್ಯಾಸ್ಟ್ರಿಕ್ ಎಂದು ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗುವ ಅಭ್ಯಾಸವಿದ್ದರೆ, ಮನೆ ಸಸ್ಯಾಹಾರಿಯಾಗಿದ್ದರೆ, ಕೊರತೆ ಇನ್ನೂ ಸುಲಭ. ಬಿ12 ಕಡಿಮೆಯಾದರೆ ಪಾದ ಜುಮುಜುಮು ಎನ್ನುವುದು, ನಡಿಗೆ ತೊಡರುವುದು, ಮನಸ್ಸು ಮಂಕಾಗುವುದು, ಮರೆವು ಎಲ್ಲ ಬರುತ್ತವೆ. ರಕ್ತಪರೀಕ್ಷೆಯಲ್ಲಿ 200ಕ್ಕಿಂತ ಕೆಳಗಿದ್ದರೆ ಕೊರತೆ ಖಚಿತ, 200ರಿಂದ 300ರ ನಡುವೆ ಇದ್ದರೂ ಲಕ್ಷಣ ನೋಡಿ ಚಿಕಿತ್ಸೆ ಕೊಡುತ್ತೇವೆ. ಬೇಗ ಹಿಡಿದರೆ ಇಂಜೆಕ್ಷನ್ನಿಗೆ ಸರಿಹೋಗುವ ಮರೆವು ಇದು. ತಡವಾದಷ್ಟೂ ನರಕ್ಕೆ ಆದ ಪೆಟ್ಟು ಪೂರ್ತಿ ಮಾಯುವುದಿಲ್ಲ.

ನಿದ್ದೆಯ ಆ 'ಚಿಕ್ಕ' ಮಾತ್ರೆಯ ಹೆಸರನ್ನೂ ನೋಡಿ. ಆಲ್ಪ್ರಜೋಲಮ್, ಕ್ಲೋನಜೆಪಾಮ್ ಎಂದೇನಾದರೂ ಇದ್ದರೆ ಅವೇ ನೆನಪನ್ನು ಮಸುಕು ಮಾಡುತ್ತವೆ, ರಾತ್ರಿ ಎದ್ದಾಗ ಬೀಳಿಸುತ್ತವೆ. ಆದರೆ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು, ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ನೆಗಡಿಗೆ ಅಂಗಡಿಯಿಂದ ತರುವ ತೂಕಡಿಕೆ ಬರಿಸುವ ಹಳೇ ಮಾತ್ರೆ, ಪದೇಪದೇ ಮೂತ್ರಕ್ಕೆ ಹೋಗುವುದಕ್ಕೆ ಕೊಡುವ ಕೆಲವು ಔಷಧಿ, ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಇವೂ ಹಿರಿಯರ ತಲೆಯನ್ನು ಮಂಕು ಮಾಡುತ್ತವೆ. ಥೈರಾಯ್ಡ್ ಕಡಿಮೆಯಾಗಿದ್ದರೆ, ರಕ್ತದಲ್ಲಿ ಸೋಡಿಯಂ ಇಳಿದಿದ್ದರೆ, ಒಳಗೊಳಗೇ ಖಿನ್ನತೆ ಇದ್ದರೆ, ಗೊರಕೆಯ ನಡುವೆ ಉಸಿರು ನಿಂತು ನಿದ್ದೆ ಕೆಡುತ್ತಿದ್ದರೆ, ಆಗಲೂ ಮರೆವೇ ಮುಖ ತೋರಿಸುತ್ತದೆ. ಕಿವಿಯನ್ನಂತೂ ಎಲ್ಲರೂ ಮರೆಯುತ್ತಾರೆ. ಸರಿಯಾಗಿ ಕೇಳಿಸದ ಮಾತು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಟಿವಿಯ ಸದ್ದು ಅಂಗಳದವರೆಗೆ ಬರುತ್ತಿದ್ದರೆ ಮೊದಲು ಕಿವಿ ತೋರಿಸಿ.

ಇನ್ನೊಂದು ಪ್ರಶ್ನೆ, ಇದಕ್ಕೆ ಉತ್ತರ ನನಗೆ ಬೇಕೇ ಬೇಕು: ಈಚಿನ ತಿಂಗಳುಗಳಲ್ಲಿ ಅವರು ಎಲ್ಲಾದರೂ ಜಾರಿ ಬಿದ್ದಿದ್ದರೇ? ಮಲೆನಾಡಿನ ಮಳೆಗಾಲದ ಅಂಗಳ, ಪಾಚಿ, ತೋಟದ ಸಂಕ (ಕಾಲುಸೇತುವೆ) ನನಗೆ ಗೊತ್ತು. ಹಿಂದೊಮ್ಮೆ 70 ದಾಟಿದ ಒಬ್ಬರನ್ನು ಮಗ ಕರೆತಂದಿದ್ದ. ಎರಡು ತಿಂಗಳಿಂದ ಮಂಕು, ಊಟ ಮಾಡಿದ್ದು ನೆನಪಿಲ್ಲ, ಹೆಜ್ಜೆ ಎಳೆಯುತ್ತಾರೆ. ಊರಲ್ಲಿ ಎಲ್ಲರೂ ಅರಳು ಮರುಳು ಎಂದು ತೀರ್ಮಾನಿಸಿಯಾಗಿತ್ತು. ಬಚ್ಚಲಲ್ಲಿ ಜಾರಿ ತಲೆ ಗೋಡೆಗೆ ತಾಗಿದ್ದನ್ನು, ಗಾಯವೇನೂ ಆಗಿರಲಿಲ್ಲವೆಂದು, ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಿಟಿ ಸ್ಕ್ಯಾನಿನಲ್ಲಿ ತಲೆಬುರುಡೆಯ ಒಳಗೆ, ಮೆದುಳಿನ ಮೇಲೆ, ಹಳೇ ರಕ್ತ ನಿಂತಿತ್ತು. ಸಣ್ಣ ರಂಧ್ರ ಕೊರೆದು ಅದನ್ನು ತೆಗೆದ ಮೂರನೇ ದಿನ ಬೆಳಿಗ್ಗೆ ನಾನು ವಾರ್ಡಿಗೆ ಹೋದಾಗ ಅವರು ಎದ್ದು ಕೂತು, 'ಇಲ್ಲಿ ಪೇಪರ್ ತರಿಸೋದಿಲ್ವಾ?' ಎಂದು ಕೇಳಿದರು. ಪಕ್ಕದಲ್ಲಿ ನಿಂತಿದ್ದ ಮಗ ಮುಖ ತಿರುಗಿಸಿ ಕಿಟಕಿಯ ಹತ್ತಿರ ಹೋದ. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಸ್ಕ್ಯಾನ್ ಮಾಡಿಸದೆ ಇದ್ದಿದ್ದರೆ ಅವರಿಗೂ ಆಗುತ್ತಿರಲಿಲ್ಲ.

ತೋರಿಸುವ ಮೊದಲು ಒಂದೆರಡು ವಾರ ಗಮನಿಸಿ, ಶಾಲೆಯ ದಿನಚರಿ ಬರೆಯುತ್ತಿದ್ದಿರಲ್ಲ, ಹಾಗೆ ದಿನಾಂಕ ಹಾಕಿ ಬರೆದಿಡಿ. ಒಂದೇ ಪ್ರಶ್ನೆಯನ್ನು ಅರ್ಧ ಗಂಟೆಯಲ್ಲಿ ಎಷ್ಟು ಸಲ ಕೇಳುತ್ತಾರೆ, ಅಡಿಕೆ ಮಂಡಿಯ ಲೆಕ್ಕ ಮೊದಲಿನ ಹಾಗೆ ನೋಡುತ್ತಾರೋ ಮುಂದೂಡುತ್ತಾರೋ, ಪೇಟೆಯಿಂದ ಬರುವಾಗ ದಾರಿ ತಪ್ಪಿದ್ದುಂಟೇ, ತಾಳಮದ್ದಲೆಗೆ ತಪ್ಪದೆ ಹೋಗುತ್ತಿದ್ದವರು ಯಾಕೆ ಹೋಗುತ್ತಿಲ್ಲ, ಇಟ್ಟ ದುಡ್ಡು ಸಿಗದಾಗ ಯಾರೋ ಕದ್ದರು ಎನ್ನುತ್ತಾರೆಯೇ. ಎಂದಿನಿಂದ ಶುರುವಾಯಿತು ಎಂಬುದು ಮುಖ್ಯ. ವರ್ಷಗಳಲ್ಲಿ ನಿಧಾನವಾಗಿ ಬಂದದ್ದು ಒಂದು ಬಗೆ. ಎರಡು ಮೂರು ದಿನದಲ್ಲಿ ಇದ್ದಕ್ಕಿದ್ದಂತೆ ತೊದಲಾಟ, ಗಲಿಬಿಲಿ, ಹಗಲು ರಾತ್ರಿ ತಿಳಿಯದ ಸ್ಥಿತಿ ಬಂದರೆ ಅದು ಬೇರೆಯೇ. ಮೂತ್ರದ ಸೋಂಕು, ಸೋಡಿಯಂ ಇಳಿತ, ಸಕ್ಕರೆ ಏರುಪೇರು, ಪಾರ್ಶ್ವವಾಯು ಯಾವುದೂ ಆಗಿರಬಹುದು. ಆಗ ತಿಂಗಳೊಳಗೆ ಎಂದಲ್ಲ, ಅವತ್ತೇ ಆಸ್ಪತ್ರೆ.

ಎಲ್ಲಿಗೆ ಹೋಗಬೇಕು? ಬೆಂಗಳೂರಿಗೇ ಓಡಬೇಕಿಲ್ಲ. ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್, ಚಿಕ್ಕದಾಗಿ ಕಭಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ತೆರೆದಿದೆ. ನಿಮಗೆ ಶಿವಮೊಗ್ಗ ಹತ್ತಿರ. ರಕ್ತಪರೀಕ್ಷೆ, ಸ್ಕ್ಯಾನ್ ಜೊತೆಗೆ ಅಲ್ಲಿ ಕೆಲವು ಪ್ರಶ್ನೆ ಕೇಳುತ್ತಾರೆ, ಗಡಿಯಾರ ಬರೆಸುತ್ತಾರೆ, ಮೂರು ನಾಲ್ಕು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳುತ್ತಾರೆ. ಈ ಪರೀಕ್ಷೆ ಕನ್ನಡದಲ್ಲೇ ಆಗಬೇಕು, ಕೇಳಿ ಪಡೆಯಿರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಲ್ಲಿ ಐದು ಭಾರತೀಯ ಭಾಷೆಗಳಿಗೆಂದು ಸಿದ್ಧವಾದ ಪರೀಕ್ಷೆಗಳಲ್ಲಿ ಕನ್ನಡವೂ ಇದೆ. ಮನೆಯಿಂದ ಹೊರಡುವ ಮೊದಲೇ ಏನಾದರೂ ಕೇಳಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಹಿರಿಯರ ಸಹಾಯವಾಣಿ 14567.

ಪರೀಕ್ಷೆ ಮುಗಿದ ಮೇಲೆ ಮೂರು ಉತ್ತರಗಳಲ್ಲಿ ಒಂದು ಬರಬಹುದು. ಸರಿಪಡಿಸುವಂಥದ್ದು ಸಿಗಬಹುದು, ಅದನ್ನು ಹೇಳಿದೆ. ಸಹಜಕ್ಕಿಂತ ಸ್ವಲ್ಪ ಹೆಚ್ಚು, ಕಾಯಿಲೆ ಎನ್ನುವಷ್ಟಿಲ್ಲ ಎಂಬ ನಡುವಿನ ಹಂತ ಇರಬಹುದು. ಅಂಥವರಲ್ಲಿ ಕೆಲವರು ಮುಂದೆ ಜಾರುತ್ತಾರೆ, ಕೆಲವರು ಹಾಗೇ ಉಳಿಯುತ್ತಾರೆ, ಕೆಲವರು ಸುಧಾರಿಸುತ್ತಾರೆ, ಆದ್ದರಿಂದ ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ತೋರಿಸುತ್ತ ಇರಬೇಕು. ಅಥವಾ ಡಿಮೆನ್ಷಿಯಾ ಎಂದೇ ಹೇಳಬಹುದು. ಹಾಗೆ ಹೇಳಿದರೆ ಆಕಾಶ ಬೀಳುವುದಿಲ್ಲ. ಡೊನೆಪೆಜಿಲ್‌ನಂಥ ಮಾತ್ರೆಗಳು ಕಾಯಿಲೆಯನ್ನು ವಾಸಿಮಾಡುವುದಿಲ್ಲ, ಕೆಲವರಿಗೆ ಕೆಲಕಾಲ ಚುರುಕು ಉಳಿಸಿಕೊಡುತ್ತವೆ. ಹೊಟ್ಟೆ ಕೆಡಿಸಬಹುದು, ನಾಡಿ ನಿಧಾನಿಸಬಹುದು, ಅದಕ್ಕೆ ಮೊದಲು ಇಸಿಜಿ ನೋಡುತ್ತೇವೆ. ಹೊರದೇಶದಲ್ಲಿರುವ ಮಕ್ಕಳೋ ನೆಂಟರೋ ಹೊಸ ಇಂಜೆಕ್ಷನ್ ಬಂದಿದೆಯಂತೆ ಎಂದು ಫೋನ್ ಮಾಡುತ್ತಾರೆ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಪಡೆದ ಲೆಕನೆಮ್ಯಾಬ್ ಅಂಥದ್ದು. ಅದು ಆಲ್ಝೈಮರ್‌ನ ಆರಂಭದ ಹಂತದವರಿಗೆ ಮಾತ್ರ, ಕಾಯಿಲೆಯ ಓಟವನ್ನು ಸ್ವಲ್ಪ ನಿಧಾನಿಸುತ್ತದೆ, ಮೆದುಳಿನಲ್ಲಿ ಊತ ಅಥವಾ ರಕ್ತ ಜಿನುಗುವ ಅಪಾಯವಿರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಮಾಡಿಸುತ್ತಿರಬೇಕು. ನಿಮ್ಮ ಮನೆಯ ನಾಳೆಯನ್ನು ಬದಲಿಸುವುದು ಅದಲ್ಲ, ನೀವು ಅವರ ಜೊತೆ ನಡೆದುಕೊಳ್ಳುವ ರೀತಿ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ತಂದೆಗೆ ಮರೆವು ಶುರುವಾದಾಗ ನಾನಾಗಲೇ ಈ ವಿಷಯದ ವೈದ್ಯ. ಆದರೂ ದಿನಾ ಬೆಳಿಗ್ಗೆ ತಿಂಡಿಗೆ ಕೂತಾಗ ಪರೀಕ್ಷೆ ಇಡುತ್ತಿದ್ದೆ. 'ನಿನ್ನೆ ಸಂಜೆ ಯಾರು ಬಂದಿದ್ರು ಹೇಳಿ ನೋಡೋಣ?' 'ಇವನ ಹೆಸರೇನು?' ಅಭ್ಯಾಸವಾದರೆ ನೆನಪು ಉಳಿಯುತ್ತದೆ ಎಂಬ ಆಸೆ. ಅವರು ನಗುತ್ತ ಮಾತು ಮರೆಸುತ್ತಿದ್ದರು. ಎರಡು ವಾರ ಕಳೆದ ಮೇಲೆ ಅವರು ತಿಂಡಿಗೆ ನಮ್ಮ ಜೊತೆ ಬರುವುದನ್ನೇ ಬಿಟ್ಟರು, ನಾನು ಆಸ್ಪತ್ರೆಗೆ ಹೊರಟ ಮೇಲೆ ಬಂದು ಒಬ್ಬರೇ ತಿನ್ನುತ್ತಿದ್ದರಂತೆ. ಅಮ್ಮ ಹೇಳುವವರೆಗೆ ನನಗೆ ಹೊಳೆಯಲಿಲ್ಲ. ಅಂದಿನಿಂದ ಪ್ರಶ್ನೆ ನಿಲ್ಲಿಸಿದೆ, ಉತ್ತರವನ್ನೇ ಮೊದಲು ಹೇಳಿ ಮಾತು ಶುರು ಮಾಡುತ್ತಿದ್ದೆ: 'ನಿನ್ನೆ ಚಿಕ್ಕಪ್ಪ ಬಂದಿದ್ದ, ಬಾಳೆಗೊನೆ ತಂದಿದ್ದ'. ಆಗ ಚಿಕ್ಕಪ್ಪನ ಹಳೇ ಕತೆ ಅವರೇ ತೆಗೆಯುತ್ತಿದ್ದರು. ಪರೀಕ್ಷೆ ಮಾಡುವುದು ಶಾಲೆಯಲ್ಲಿ ನಿಮ್ಮ ಕೆಲಸವಾಗಿತ್ತು, ಮನೆಯಲ್ಲಿ ಅದನ್ನು ವೈದ್ಯರಿಗೆ ಬಿಡಿ.

ಅವರ ಕೈಯಿಂದ ಕೆಲಸ ಕಿತ್ತುಕೊಳ್ಳಬೇಡಿ, ಕೆಲಸಕ್ಕೆ ಊರುಗೋಲು ಕೊಡಿ. ಬೋರ್ಡೋ ಅಳತೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಔಷಧಿ ಕದಡುವ ಜಾಗದಲ್ಲಿ ಅಂಟಿಸಿ, ಕತ್ತಿ ಅದ್ದಿ ನೋಡುವ ಕೆಲಸ ಅವರದೇ ಇರಲಿ. ಕೂಲಿಗೆ ಒಂದು ಪುಸ್ತಕ ಮಾಡಿ, ಕೊಟ್ಟ ತಕ್ಷಣ ಪಡೆದವನ ಸಹಿ. ಕೊನೆಗೌಡ ಒಳ್ಳೆಯವನಾದರೆ ಅವನಿಗೂ ವಿಷಯ ತಿಳಿಸಿ, ಊರಲ್ಲಿ ಇಬ್ಬರು ಮೂವರಿಗೆ ಗೊತ್ತಿರುವುದು ರಕ್ಷಣೆಯೇ ಹೊರತು ಮರ್ಯಾದೆ ಹೋಗುವ ವಿಷಯವಲ್ಲ. ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇರಲಿ. ಸ್ಕೂಟರ್ ಓಡಿಸುತ್ತಿದ್ದರೆ ಪರೀಕ್ಷೆ ಆಗುವವರೆಗೆ ಬೇಡ, ಇಲ್ಲಿ ದಾಕ್ಷಿಣ್ಯ ಮಾಡಬೇಡಿ.

ಕಾಗದಪತ್ರದ ಮಾತನ್ನು ಆಡಲು ಹೆಂಡತಿಗೆ ಮುಜುಗರವೆಂದು ಗೊತ್ತು, ಆದರೂ ಹೇಳಬೇಕು. ವಿಲ್ ಬರೆಯುವುದಾಗಲಿ, ಪಹಣಿ, ಬ್ಯಾಂಕ್ ಖಾತೆಗಳಿಗೆ ನಿಮ್ಮ ಹೆಸರು ಸೇರಿಸುವುದಾಗಲಿ ಅವರಿಗೆ ತಿಳಿವಳಿಕೆ ಇರುವಾಗಲೇ, ಅವರ ಮನಸ್ಸಿನಂತೆಯೇ ಆಗಬೇಕು. ಎಷ್ಟೋ ಕುಟುಂಬಗಳು ಪವರ್ ಆಫ್ ಅಟಾರ್ನಿ ಇದ್ದರೆ ಸಾಕು ಎಂದು ನಂಬಿರುತ್ತವೆ. ಬರೆದುಕೊಟ್ಟವರು ಬುದ್ಧಿಸ್ವಾಧೀನ ಕಳೆದುಕೊಂಡರೆ ನಮ್ಮ ಕಾನೂನಿನಲ್ಲಿ ಆ 'ಪವರ್' ನಿಂತುಹೋಗುತ್ತದೆ. ಅದು ಅತಿ ಬೇಕಾದ ಹೊತ್ತಿನಲ್ಲೇ ಕೈಬಿಡುವ ಕಾಗದ.

ಈಗ ನಿಮ್ಮ ತಂಬುಳಿ. ಮಾಡಿ, ಉಣ್ಣಿ, ಅದರಷ್ಟು ತಂಪಾದ ಊಟ ಬೇರೆ ಇಲ್ಲ. ಆದರೆ ಬ್ರಾಹ್ಮಿ ಎಂಬ ಒಂದೇ ಹೆಸರಿನಲ್ಲಿ ಎರಡು ಗಿಡ ಓಡಾಡುತ್ತವೆ, ನಮ್ಮ ಒಂದೆಲಗ ಒಂದು, ನೀರುಬ್ರಾಹ್ಮಿ ಇನ್ನೊಂದು. ಮಾತ್ರೆಗಳಲ್ಲಿ ಹೆಚ್ಚಾಗಿ ಇರುವುದು ಎರಡನೆಯದು. ಅದರ ಮೇಲೆ ಸಣ್ಣಪುಟ್ಟ ಪ್ರಯೋಗ ನಡೆದು ಅಲ್ಪಸ್ವಲ್ಪ ಪ್ರಯೋಜನ ಕಂಡದ್ದಿದೆ, ಮರೆವಿನ ಕಾಯಿಲೆಯನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆ ಡಬ್ಬಿಯ ದುಡ್ಡಿನಲ್ಲಿ ನೀವೂ ಒಮ್ಮೆ ಬಿ12, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ.

ಗಟ್ಟಿ ಆಧಾರವಿರುವುದು ಬೇರೆಯವಕ್ಕೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹದಿನಾಲ್ಕು ಅಪಾಯಗಳನ್ನು ಪಟ್ಟಿ ಮಾಡಿ, ಬಾಲ್ಯದಿಂದ ಮುಪ್ಪಿನವರೆಗೆ ಅವನ್ನೆಲ್ಲ ನಿಭಾಯಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ನಿಮ್ಮ ವಯಸ್ಸಿಗೆ ಅದರಲ್ಲಿ ತೂಕದ್ದು ಬಿಪಿ, ಸಕ್ಕರೆ, ಕೊಲೆಸ್ಟರಾಲ್, ಕಿವಿ, ಕಣ್ಣು, ನಡಿಗೆ ಮತ್ತು ಒಂಟಿತನ. ಪೊರೆ ಬಂದಿದ್ದರೆ ಮುಂದೂಡದೆ ತೆಗೆಸಿ. ಬಿಪಿಯ ಮೇಲಿನ ಅಂಕಿ 130ರ ಆಸುಪಾಸಿನಲ್ಲಿರಲಿ. ವಾರದಲ್ಲಿ ಐದು ದಿನ ಅರ್ಧ ಗಂಟೆ, ಮಾತಾಡಲು ಆಗಬೇಕು ಹಾಡಲು ಆಗಬಾರದು ಎನ್ನುವಷ್ಟು ಬಿರುಸಾಗಿ ನಡೆಯಿರಿ. ಇನ್ನು ಎರಡನೇ ಭಾಷೆಯ ಬಗ್ಗೆ ನಮ್ಮವರೇ ಮಾಡಿದ ಕೆಲಸವಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ವರದಿ ಮಾಡಿದರು: ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದುಬರಹ ಬಾರದವರಲ್ಲೂ. ಪದಬಂಧ ಬಿಡಿಸುವುದರಿಂದ ಪದಬಂಧ ಚೆನ್ನಾಗಿ ಬರುತ್ತದೆ, ಅಷ್ಟನ್ನೇ ನಂಬಿ. ಊರ ಮಕ್ಕಳಿಗೆ ಸಂಜೆ ಒಂದು ಗಂಟೆ ಪಾಠ ಹೇಳಿ, ನಿಮ್ಮಂಥವರಿಗೆ ಅದಕ್ಕಿಂತ ಒಳ್ಳೆಯ ವ್ಯಾಯಾಮ ನನಗೆ ಹೊಳೆಯುವುದಿಲ್ಲ. ಕನ್ನಡಕಕ್ಕೆ ಒಂದೇ ಜಾಗ ಗೊತ್ತುಮಾಡಿ. ಒಲೆಯ ಮೇಲೆ ಏನಾದರೂ ಇಟ್ಟರೆ ಫೋನಿನಲ್ಲಿ ಮಾತಾಡುವಾಗ ಸೌಟು ಕೈಯಲ್ಲಿ ಹಿಡಿದುಕೊಳ್ಳಿ, ಕೈಯೇ ನೆನಪಿಸುತ್ತದೆ.

ಕೊನೆಯ ತೊಡಕು, ಅವರನ್ನು ಹೊರಡಿಸುವುದು. 'ನಿಮಗೆ ಮರೆವು, ಡಾಕ್ಟರಿಗೆ ತೋರಿಸೋಣ' ಎಂದರೆ ಬರುವುದಿಲ್ಲ, ಜಗಳವಾಗುತ್ತದೆ. ಸುಳ್ಳು ಹೇಳಿ ಕರೆದೊಯ್ದರೆ ಮುಂದಿನ ಸಲ ನಂಬುವುದಿಲ್ಲ. ನಿಮಗೆ ಸುಳ್ಳಿನ ಅಗತ್ಯವೂ ಇಲ್ಲ. ನಿಮ್ಮ ಪತ್ರದಲ್ಲಿರುವುದನ್ನೇ ಹೇಳಿ: 'ನನಗೆ ಮರೆವಿನ ಹೆದರಿಕೆ ಹತ್ತಿದೆ, ಅಮ್ಮನ ಹಾಗೆ ಆಗುತ್ತೇನೋ ಅನ್ನಿಸುತ್ತದೆ. ಒಬ್ಬಳೇ ಹೋಗಲು ಧೈರ್ಯವಿಲ್ಲ, ಜೊತೆಗೆ ಬನ್ನಿ, ಇಬ್ಬರೂ ಪರೀಕ್ಷೆ ಮಾಡಿಸಿಕೊಂಡು ಬರೋಣ.' ಹೆಂಡತಿಗೆ ಆಸರೆಯಾಗಿ ಬರಲು ಒಪ್ಪದ ಗಂಡಸರು ಕಡಿಮೆ. ಬೆಳಗಿನ ಹೊತ್ತು ಹೋಗಿ, ಮಧ್ಯಾಹ್ನದ ಮೇಲೆ ಇಂಥವರಿಗೆ ದಣಿವು, ಸಿಡುಕು ಹೆಚ್ಚು. ಮನೆಯಲ್ಲಿರುವ ಮಾತ್ರೆ, ಕಷಾಯ, ಲೇಹ್ಯ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ, ನಿದ್ದೆಯ ಆ ಚಿಕ್ಕ ಮಾತ್ರೆಯನ್ನು ಬಿಡಬೇಡಿ. ಮೊದಲು ನಿಮ್ಮನ್ನೇ ಪರೀಕ್ಷಿಸಲಿ, ಅವರು ಪಕ್ಕದಲ್ಲಿ ಕೂತು ನೋಡಲಿ. ಬೋರ್ಡೋ ಮತ್ತು ಕೂಲಿಯ ಆ ಎರಡು ಸಾಲನ್ನು ಮಾತ್ರ ಚೀಟಿಯಲ್ಲಿ ಬರೆದು, ಒಳಗೆ ಹೋಗುವ ಮೊದಲೇ ನರ್ಸ್ ಕೈಯಲ್ಲಿ ವೈದ್ಯರಿಗೆ ಕಳಿಸಿ. ಅವರ ಎದುರಿಗೆ ಓದಿ ಹೇಳಬೇಡಿ.